ಕಾಯ್ದೆಯ ಕ್ರಿಯಾಪದ, ಕಡೂರಿನ ಪಂಪ್‌ಸೆಟ್

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ತೋಟಗಳಲ್ಲಿ ಕರೆಂಟು ಎಂದರೆ ಮೊದಲು ನೀರು, ಆಮೇಲೆ ಬೆಳಕು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ತರೀಕೆರೆ ತಾಲ್ಲೂಕಿನಲ್ಲೇ ಇದ್ದರೂ ಅದರ ನಾಲೆಗಳ ನೀರು ಬಹುಪಾಲು ಹರಿಯುವುದು ದಾವಣಗೆರೆಯ ಕಡೆಗೆ. ಇತ್ತ ಬಯಲು ಕಡೂರಿನ ತೆಂಗು, ಅಡಿಕೆ ತೋಟಗಳು ಕೊಳವೆಬಾವಿಯನ್ನು ನಂಬಿ ನಿಂತಿವೆ. ತ್ರೀಫೇಸ್ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಅದರ ದುಡ್ಡನ್ನು ಯಾರು ಕಟ್ಟುತ್ತಾರೆ? ಈ ಮೂರು ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಸಂಸತ್ತು ಏಳು ದಶಕಗಳಿಂದ ಉತ್ತರ ಬರೆಯುತ್ತಿದೆ, ಬರೆದದ್ದನ್ನು ತಿದ್ದುತ್ತಿದೆ. ಆ ತಿದ್ದುಪಡಿಗಳನ್ನು ಸಾಲಾಗಿ ಇಟ್ಟುಕೊಂಡು ಓದಿದರೆ ಒಂದು ಕುತೂಹಲದ ಚರಿತ್ರೆ ಕಾಣುತ್ತದೆ. ಪ್ರತಿ ಸಲವೂ ಜಗಳ ನಡೆದಿರುವುದು ಒಂದೆರಡು ಪದಗಳ ಮೇಲೆ.

ಮೊದಲ ಪದಗುಚ್ಛ 1948ರದು. ಡಾ. ಬಿ.ಆರ್. ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, ಅಂದರೆ 1942ರಿಂದ 1946ರವರೆಗೆ, ವಿದ್ಯುತ್ ವಿಷಯವೂ ಅವರ ಇಲಾಖೆಗೆ ಸೇರಿತ್ತು. ಯುದ್ಧಾನಂತರದ ವಿದ್ಯುತ್ ನೀತಿಯ ತಳಹದಿ ಬಿದ್ದದ್ದು ಆಗ. ಸ್ವಾತಂತ್ರ್ಯ ಬಂದ ಮೇಲೆ ಸಚಿವ ಎನ್.ವಿ. ಗಾಡ್ಗೀಳರ ಕಾಲದಲ್ಲಿ ಅದು ವಿದ್ಯುತ್ (ಸರಬರಾಜು) ಕಾಯ್ದೆಯಾಯಿತು. ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳು ಹುಟ್ಟುವುದಕ್ಕೆ ದಾರಿಯಾಯಿತು. ನಮ್ಮಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ 1957ರ ಅಕ್ಟೋಬರ್ 1ರಂದು ಆರಂಭವಾಯಿತು. ಆ ಕಾಯ್ದೆಯ 59ನೇ ಸೆಕ್ಷನ್ ಹೇಳಿದ್ದಿಷ್ಟು: ಸರ್ಕಾರದ ನೆರವನ್ನು ಲೆಕ್ಕಕ್ಕೆ ಹಿಡಿದು, ಸಾಧ್ಯವಾದ ಮಟ್ಟಿಗೆ, ಮಂಡಳಿ ನಷ್ಟದಲ್ಲಿ ನಡೆಯಬಾರದು. ಎಲ್ಲ ಜೀವವೂ ಆ 'ಸಾಧ್ಯವಾದ ಮಟ್ಟಿಗೆ' ಎಂಬುದರಲ್ಲಿತ್ತು. ಲಾಭ ಕೊಡದ ಹಳ್ಳಿಗೆ ಕಂಬ ನೆಡಲು ಅವಕಾಶ ಕೊಟ್ಟದ್ದೂ, ಮುಂದೆ ಮಂಡಳಿಗಳ ನಷ್ಟಕ್ಕೆ ನೆಪವಾದದ್ದೂ ಅದೇ ಮಾತು.

ಸಂಸತ್ತು 1978ರಲ್ಲಿ ಈ ಸೆಕ್ಷನ್ನನ್ನು ಬದಲಿಸಿತು. ನಷ್ಟವಾಗದಿದ್ದರೆ ಸಾಲದು, ಮಂಡಳಿಗಳು ಮಿಗತೆಯನ್ನೂ ತೋರಿಸಬೇಕು ಎಂದಿತು. 1983ರ ತಿದ್ದುಪಡಿ ಆ ಮಿಗತೆಗೆ ಕನಿಷ್ಠ ಶೇ. 3 ಎಂಬ ಅಂಕಿಯನ್ನು ಕೂರಿಸಿತು. ಕಾಗದದಲ್ಲಿ ಅಂಕಿ ಬಂತು. ರೈತನ ಪಂಪಿಗೆ ದರ ಏರಿಸುವ ಧೈರ್ಯ ಯಾವ ರಾಜ್ಯ ಸರ್ಕಾರಕ್ಕೂ ಸುಲಭವಾಗಿ ಬರಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಸಂವಿಧಾನದಲ್ಲಿ ವಿದ್ಯುತ್ತು ಸಮವರ್ತಿ ಪಟ್ಟಿಯ ವಿಷಯ. ಕಾಯ್ದೆಯ ವಾಕ್ಯವನ್ನು ದೆಹಲಿ ಬರೆಯಬಹುದು, ಆದರೆ ಅದರ ಬೆಲೆಯನ್ನು ವಿಧಾನಸಭೆಯ ಚುನಾವಣೆಯಲ್ಲಿ ತೆರಬೇಕಾದವರು ಬೇರೆ.

ದೊಡ್ಡ ತಿರುವು 2003ರ ವಿದ್ಯುತ್ ಕಾಯ್ದೆ. 1910, 1948 ಮತ್ತು 1998ರ ಮೂರು ಕಾಯ್ದೆಗಳ ಜಾಗದಲ್ಲಿ ಒಂದನ್ನೇ ತರುವ ಮಸೂದೆ 2001ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂತು. ಆಗ ಸುರೇಶ್ ಪ್ರಭು ವಿದ್ಯುತ್ ಸಚಿವರು. ಮಸೂದೆ ನೇರವಾಗಿ ಚರ್ಚೆಗೆ ಹೋಗದೆ ಇಂಧನ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿಯ ವರದಿ 2002ರ ಡಿಸೆಂಬರ್‌ನಲ್ಲಿ ಬಂತು. 2003ರ ಏಪ್ರಿಲ್‌ನಲ್ಲಿ ಲೋಕಸಭೆ, ಮೇನಲ್ಲಿ ರಾಜ್ಯಸಭೆ ಒಪ್ಪಿದವು. ಜೂನ್ 10ರಿಂದ ಅದು ಜಾರಿಯಾಯಿತು.

ಈ ದಾರಿಯನ್ನು ಸ್ವಲ್ಪ ನಿಂತು ನೋಡಬೇಕು. ಟೀವಿಯಲ್ಲಿ ನಾವು ನೋಡುವುದು ಸದನದ ಗಲಾಟೆ. ಅಲ್ಲಿ ಮಸೂದೆಯ ಒಂದೊಂದು ಕಲಮನ್ನೂ ಮತಕ್ಕೆ ಹಾಕುತ್ತಾರೆ. ಸದಸ್ಯರು ತಂದ ತಿದ್ದುಪಡಿಗಳಲ್ಲಿ ಹೆಚ್ಚಿನವು ಧ್ವನಿಮತದಲ್ಲಿ ಬಿದ್ದುಹೋಗುತ್ತವೆ, ಇಲ್ಲವೇ ಸಚಿವರ ಭರವಸೆಯ ಮೇಲೆ ವಾಪಸಾಗುತ್ತವೆ. ಪದಗಳು ನಿಜವಾಗಿ ಬದಲಾಗುವುದು ಬಾಗಿಲು ಮುಚ್ಚಿದ ಸಮಿತಿಯ ಕೋಣೆಯಲ್ಲಿ, ಆಮೇಲೆ ಸರ್ಕಾರವೇ ತರುವ ತಿದ್ದುಪಡಿಗಳಲ್ಲಿ. 1993ರಿಂದ ಈಚೆಗೆ ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದ ಮೇಲಂತೂ ಇದು ರೂಢಿಯೇ ಆಗಿದೆ.

2003ರ ಕಾಯ್ದೆಯ ಎರಡು ಪದಗಳು ನಮ್ಮ ಸೀಮೆಗೆ ಮುಖ್ಯ. ಒಂದು, ದರ ನಿಗದಿಯ ತತ್ವ ಹೇಳುವ 61ನೇ ಸೆಕ್ಷನ್ನಿನದು. ಕಾರ್ಖಾನೆ, ಅಂಗಡಿಗಳಿಂದ ಹೆಚ್ಚು ವಸೂಲು ಮಾಡಿ ರೈತರಿಗೆ, ಬಡವರಿಗೆ ಕಡಿಮೆ ಮಾಡುವ ಕ್ರಾಸ್ ಸಬ್ಸಿಡಿಯನ್ನು 'ಇಳಿಸಿ, ಇಲ್ಲವಾಗಿಸಬೇಕು' ಎಂದು ಅದು ಹೇಳಿತು. ಇನ್ನೊಂದು 6ನೇ ಸೆಕ್ಷನ್ನಿನದು: ಹಳ್ಳಿ, ಹಟ್ಟಿಗಳಿಗೂ ವಿದ್ಯುತ್ 'ಸರಬರಾಜು' ಮಾಡಲು ಸರ್ಕಾರ ಯತ್ನಿಸಬೇಕು.

ಮರುವರ್ಷವೇ ಸರ್ಕಾರ ಬದಲಾಯಿತು. ಎಡಪಕ್ಷಗಳ ಹೊರಬೆಂಬಲದ ಯುಪಿಎ ತನ್ನ ಸಾಮಾನ್ಯ ಕನಿಷ್ಠ ಕಾರ್ಯಕ್ರಮದಲ್ಲೇ ಈ ಕಾಯ್ದೆಯ ಪುನರ್‌ಪರಿಶೀಲನೆಯ ಮಾತು ಕೊಟ್ಟಿತ್ತು. ಅದರ ಫಲ 2007ರ ತಿದ್ದುಪಡಿ. 'ಇಳಿಸಿ, ಇಲ್ಲವಾಗಿಸಬೇಕು' ಎಂಬಲ್ಲಿ 'ಇಲ್ಲವಾಗಿಸಬೇಕು' ಹೋಯಿತು, 'ಇಳಿಸಬೇಕು' ಮಾತ್ರ ಉಳಿಯಿತು. ಒಂದು ಕ್ರಿಯಾಪದ ಅಳಿಸಿದ್ದಕ್ಕೆ ಕ್ರಾಸ್ ಸಬ್ಸಿಡಿ ಬದುಕಿತು. ಆದರೆ ಅದೇ ತಿದ್ದುಪಡಿ 6ನೇ ಸೆಕ್ಷನ್ನಿನಲ್ಲಿ ಕೇಂದ್ರ, ರಾಜ್ಯ ಎರಡನ್ನೂ ಜಂಟಿ ಹೊಣೆಗಾರರನ್ನಾಗಿ ಮಾಡುತ್ತ 'ಸರಬರಾಜು' ಎಂಬಲ್ಲಿ ವಿದ್ಯುತ್ 'ಲಭ್ಯತೆ' ಎಂದು ಬರೆಯಿತು. ಮನೆ ಮುಂದೆ ತಂತಿ ಇರುವುದಕ್ಕೂ ತಂತಿಯಲ್ಲಿ ಕರೆಂಟು ಇರುವುದಕ್ಕೂ ಇರುವ ವ್ಯತ್ಯಾಸವನ್ನು ರಾತ್ರಿ ಪಾಳಿಯಲ್ಲಿ ಮೋಟರ್ ಹಾಕಲು ತೋಟಕ್ಕೆ ಹೋಗುವವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಕರ್ನಾಟಕ ಸರ್ಕಾರ 2008ರಿಂದ 10 ಎಚ್‌.ಪಿ.ವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಕೊಡುತ್ತಿದೆ. ಇದು ಬರೀ ರಾಜಕೀಯ ಔದಾರ್ಯವೆಂದು ತೋರಬಹುದು. ಕಾನೂನಿನಲ್ಲಿ ಅದು ನಿಂತಿರುವುದು 65ನೇ ಸೆಕ್ಷನ್ನಿನ 'ಮುಂಗಡವಾಗಿ' ಎಂಬ ಪದದ ಮೇಲೆ. ರಿಯಾಯಿತಿ ಕೊಡುವ ರಾಜ್ಯ ಅದರ ಹಣವನ್ನು ಮುಂಗಡವಾಗಿ ಕಂಪನಿಗೆ ಕಟ್ಟಬೇಕು; ಕಟ್ಟದಿದ್ದರೆ ರಿಯಾಯಿತಿಯ ಆದೇಶವೇ ಊರ್ಜಿತವಲ್ಲ, ಆಯೋಗ ನಿಗದಿ ಮಾಡಿದ ದರವೇ ಅನ್ವಯ. ಅಂದರೆ ಕಡೂರಿನ ಪಂಪ್‌ಸೆಟ್ಟಿಗೂ ಒಂದು ಬಿಲ್ಲಿದೆ. ಅದು ರೈತನ ಕೈಗೆ ಬಾರದೆ ವಿಧಾನಸೌಧಕ್ಕೆ ಹೋಗುತ್ತದೆ, ಅಷ್ಟೆ.

ಇದರ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಅಂತರ್ಜಲದ ಅತಿಬಳಕೆಯ ತಾಲ್ಲೂಕುಗಳ ಪಟ್ಟಿಯಲ್ಲಿ ಕಡೂರು ಇದೆ. ಬೆಲೆಯೇ ಇಲ್ಲದ ಕರೆಂಟು ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಎದುರಿಗೆ ನಾಲೆಯ ನೀರಿಲ್ಲದ ಊರಿಗೆ ದರ ಏರಿಸಿದರೆ ತೋಟವೇ ಒಣಗುತ್ತದೆ ಎಂಬ ವಾದವೂ ಇದೆ. ಎರಡನ್ನೂ ಎದುರುಬದುರು ಇಟ್ಟು ತೂಗುವ ಜಾಗ ಶಾಸನಸಭೆಯೇ ಆಗಬೇಕು.

ಹೊಸ ಪದಗಳು ಈಗಾಗಲೇ ಬಾಗಿಲಿಗೆ ಬಂದು ಹೋಗಿವೆ. 2022ರ ಆಗಸ್ಟ್ 8ರಂದು ಆರ್.ಕೆ. ಸಿಂಗ್ ಮಂಡಿಸಿದ ತಿದ್ದುಪಡಿ ಮಸೂದೆ, ಒಂದೇ ಪ್ರದೇಶದಲ್ಲಿ ಹಲವು ಕಂಪನಿಗಳು ಅದೇ ತಂತಿ ಬಳಸಿ ವಿದ್ಯುತ್ ಮಾರುವ ದಾರಿ ತೆರೆಯಹೊರಟಿತ್ತು. ವಿರೋಧದ ನಡುವೆ ಅದು ಸ್ಥಾಯಿ ಸಮಿತಿಗೆ ಹೋಯಿತು. 2024ರಲ್ಲಿ ಲೋಕಸಭೆಯೊಂದಿಗೇ ಬಿದ್ದುಹೋಯಿತು. ಮೆಸ್ಕಾಂ ಒಂದೇ ಕಂಪನಿಯಾಗಿ ಮಂಗಳೂರಿನ ಕಾರ್ಖಾನೆಗೂ ಅಜ್ಜಂಪುರದ ತೋಟಕ್ಕೂ ಕರೆಂಟು ಕೊಡುತ್ತದೆ. ಹೆಚ್ಚು ದರ ಕಟ್ಟುವವರು ಇನ್ನೊಬ್ಬರ ಬಳಿ ಹೋದರೆ ಉಳಿದವರ ಲೆಕ್ಕ ಏನಾಗುತ್ತದೆ ಎಂಬುದು ಆ ಮಸೂದೆಯೊಂದಿಗೆ ಮುಗಿದುಹೋಗುವ ಪ್ರಶ್ನೆಯಲ್ಲ.

ಲೋಕಸಭೆಯಲ್ಲಿ ಕಡೂರು ಇಂದು ಹಾಸನ ಕ್ಷೇತ್ರಕ್ಕೆ ಸೇರಿದೆ, ತರೀಕೆರೆ ಮತ್ತು ಅಜ್ಜಂಪುರ ಉಡುಪಿ–ಚಿಕ್ಕಮಗಳೂರಿಗೆ. ಒಂದೇ ಬಗೆಯ ತೋಟಗಳಿಗೆ ಇಬ್ಬರು ಸಂಸದರು. ಮುಂದಿನ ಮಸೂದೆ ಬಂದಾಗ ಅವರಿಬ್ಬರನ್ನೂ ಕೇಳಬಹುದಾದ ಪ್ರಶ್ನೆ ಬಹಳ ಸರಳ: ಈ ಸಲ ಯಾವ ಪದ ಬದಲಾಗುತ್ತಿದೆ?