ಹೆಬ್ಬೆಟ್ಟಿನ ಕೆಳಗಿನ ಸಹಿ

ಕೋಲಾರದ ಚಿನ್ನದ ಗಣಿಗಳ ಮಾತು ಬಂದಾಗ ನಾವು ಸಾಮಾನ್ಯವಾಗಿ ಅಳತೆಗಳನ್ನು ಹೇಳುತ್ತೇವೆ. ಚಾಂಪಿಯನ್ ರೀಫ್ ಗಣಿಯ ಆಳ 3,200 ಮೀಟರಿಗೂ ಹೆಚ್ಚು. ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿ ದೊರೆತ ಚಿನ್ನ 800 ಟನ್ನಿಗೆ ಕಡಮೆಯಿಲ್ಲ. ಶಿವನಸಮುದ್ರದ ವಿದ್ಯುತ್ತು ಸುಮಾರು 148 ಕಿಲೋಮೀಟರ್ ತಂತಿಯ ಮೇಲೆ ಹರಿದು 1902ರಲ್ಲಿ ಬಂದದ್ದು ಇಲ್ಲಿಗೇ. ಈ ಅಳತೆಗಳೆಲ್ಲ ನಿಜ. ಆದರೆ ಆ ಆಳಕ್ಕೆ ಇಳಿದವರು, ತಮ್ಮ ಮಕ್ಕಳು ಅಲ್ಲಿಗೆ ಇಳಿಯಬಾರದೆಂದು ಪಟ್ಟ ಪಾಡನ್ನು ಯಾರೂ ಅಳೆದಿಲ್ಲ. ಅದನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ 1880ರಲ್ಲಿ ಇಲ್ಲಿಗೆ ಬಂದಾಗ, 1876ರಿಂದ 1878ರವರೆಗಿನ ಘೋರ ಕ್ಷಾಮ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳಿಂದ, ಚಿತ್ತೂರಿನ ಕಡೆಯ ಹಳ್ಳಿಗಳಿಂದ ಜನ ಕೆಲಸ ಹುಡುಕಿಕೊಂಡು ಬಂದರು. ಅವರಲ್ಲಿ ಬಹುಪಾಲು ಜನರಿಗೆ ಸ್ವಂತ ಭೂಮಿ ಇರಲಿಲ್ಲ. ಊರಾಚೆಯ ಕೇರಿಗಳಲ್ಲಿ ಜಾತಿಯ ಕಟ್ಟಳೆಗಳಿಗೆ ತಲೆಬಾಗಿ ಬಾಳಿದವರು ಅವರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲುಹಾದಿಯಾದ ಮೇಲೆ ದಾರಿ ಸುಗಮವಾಯಿತು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದ ಗಣಿಗಾರರೂ ವಲಸಿಗರೇ. ಆದರೆ ಅವರಿಗೆ ತೋಟವಿದ್ದ ಮನೆ. ಇವರಿಗೆ ಲೈನುಗಳಲ್ಲಿ ಬಿದಿರು ತಟ್ಟಿಯ ಗುಡಿಸಲು.

ಬರಹ ಬಾರದ ಈ ಜನ ಅಕ್ಷರವನ್ನು ಕಡೆಗಣಿಸಿದ್ದರೆಂದು ತಿಳಿಯುವುದು ತಪ್ಪು. ಪಂಡಿತ ಅಯೋತಿ ದಾಸರು 1907ರಲ್ಲಿ ಮದರಾಸಿನಿಂದ ‘ಒರು ಪೈಸಾ ತಮಿಳನ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅವರ ಬೌದ್ಧ ಸಂಘದ ಶಾಖೆಯೊಂದು ಗಣಿಯ ಕಾರ್ಮಿಕರ ನಡುವೆ ಬೇರೂರಿತು. 1914ರಲ್ಲಿ ಅವರು ತೀರಿಕೊಂಡರು. ಮುಂದೆ 1926ರಲ್ಲಿ ಜಿ. ಅಪ್ಪಾದುರೈಯವರು ಆ ಪತ್ರಿಕೆಯನ್ನು ಗಣಿಯ ಊರಿನಿಂದಲೇ ಮತ್ತೆ ಹೊರಡಿಸಿದರು. ನಮ್ಮ ಅಜ್ಜನಿಗೆ ಓದು ಬರುತ್ತಿರಲಿಲ್ಲ. ಆದರೆ ಸಂಜೆ ಯಾರಾದರೂ ಪತ್ರಿಕೆ ಓದುವಲ್ಲಿಗೆ ಹೋಗಿ ಕುಳಿತು ಕೇಳುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು.

ಇದೇ ಜನ 1930ರಲ್ಲಿ ಒಂದು ದೊಡ್ಡ ಮುಷ್ಕರ ಹೂಡಿದರು. ಕಾರ್ಮಿಕರೆಲ್ಲರೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಕ್ರಮ ಅವರನ್ನು ಕೆರಳಿಸಿತ್ತು. ಸಾವಿರಾರು ಮಂದಿ ಕೆಲಸಕ್ಕೆ ಇಳಿಯದೆ ನಿಂತರು. ಕಳ್ಳರಿಂದ ಪಡೆಯುವ ಗುರುತನ್ನು ದುಡಿಯುವವರಿಂದ ಪಡೆಯುವುದೆಂದರೇನು? ಸಹಿ ಹಾಕಲು ಬಾರದವರಿಗೂ ತಮ್ಮ ಬೆರಳಿನ ಮಾನ ತಿಳಿದಿತ್ತು.

ನಮ್ಮ ಅಜ್ಜ ಗುಡಿಯಾತ್ತಂ ಕಡೆಯಿಂದ ಬಂದವರು. ತಂದೆಯವರು ಅವರ ಹಿಂದೆಯೇ ಗಣಿಗೆ ಇಳಿದರು. ಬಹಳ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಮ್ಮೊಮ್ಮೆ ಒತ್ತಡ ತಾಳದೆ ಬಂಡೆಯೇ ಸಿಡಿಯುತ್ತದೆ. ಅಂಥ ಸಿಡಿತವಾದಾಗ ಮೇಲಿನ ನಮ್ಮ ಮನೆಯ ಪಾತ್ರೆಗಳು ಅಲುಗುತ್ತಿದ್ದವು. ತಾಯಿ ಒಲೆಯ ಮುಂದಿನಿಂದ ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಪಾಳಿ ಮುಗಿದು ತಂದೆ ಬರುವವರೆಗೂ ಅವರು ಕೂರುತ್ತಿರಲಿಲ್ಲ.

ತಂದೆಯ ಜಾಗಕ್ಕೆ ಮಗ ಸೇರುವುದು ನಮ್ಮ ಲೈನಿನಲ್ಲಿ ಸಹಜವಾಗಿತ್ತು. ನೆರೆಯವರೂ ಹಾಗೆಯೇ ಸಲಹೆ ಕೊಟ್ಟರು. ತಂದೆಯವರು ಒಪ್ಪಲಿಲ್ಲ. ನನ್ನನ್ನು ಬಂಗಾರಪೇಟೆಯಲ್ಲಿದ್ದ ಸೋದರಮಾವನ ಮನೆಯಲ್ಲಿ ಬಿಟ್ಟು ಕನ್ನಡ ಶಾಲೆಗೆ ಸೇರಿಸಿದರು. ಮನೆಮಾತು ತಮಿಳಾಗಿರುವಾಗ ಕನ್ನಡವೇಕೆ ಎಂದು ಮಾವ ಕೇಳಿದಾಗ ಅವರು ಕೊಟ್ಟ ಉತ್ತರ ನನಗೆ ನೆನಪಿದೆ: “ಕಚೇರಿಯಲ್ಲಿ ಅವರು ಏನು ಬರೆದುಕೊಳ್ಳುತ್ತಾರೆ ಅಂತ ತಿಳಿಯೋನು ನಮ್ಮ ಮನೇಲಿ ಒಬ್ಬ ಬೇಕು.” ಭಾನುವಾರಗಳಲ್ಲಿ ಚಿಕ್ಕ ರೈಲಿನಲ್ಲಿ ಬಂದು ಅಕ್ಕಿಯ ಚೀಲವನ್ನೂ ಶಾಲೆಯ ಖರ್ಚಿನ ಹಣವನ್ನೂ ಕೊಟ್ಟುಹೋಗುತ್ತಿದ್ದರು. ತಾಯಿಯ ಕಿವಿಯೋಲೆ ಗಿರವಿ ಅಂಗಡಿಯನ್ನು ಎಷ್ಟು ಸಲ ಕಂಡಿತೋ ನಾನರಿಯೆ. ಚಿನ್ನದ ಗಣಿಯ ಕಾರ್ಮಿಕನ ಮನೆಯಲ್ಲಿ ಇದ್ದ ಚಿನ್ನ ಅಷ್ಟೇ.

1983ರಲ್ಲಿ ಬೆಂಗಳೂರಿನಲ್ಲಿ ನನ್ನ ಕನ್ನಡ ಎಂ.ಎ. ಮುಗಿಯಿತು. ಅದರ ಹೊತ್ತಿಗೆ ತಂದೆಯವರಿಗೆ ಹತ್ತು ಹೆಜ್ಜೆ ನಡೆದರೆ ಉಸಿರು ಸಾಲದು. ಗಟ್ಟಿಕಲ್ಲು ಕೊರೆಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕುಳಿತು ಅದನ್ನು ಗಡುಸಾಗಿಸುತ್ತದೆ. ಕೆಲಸ ಬಿಟ್ಟರೂ ಸಿಲಿಕೋಸಿಸ್ ಎಂಬ ಆ ರೋಗ ಮನುಷ್ಯನನ್ನು ಬಿಡುವುದಿಲ್ಲ. ಪರಿಹಾರದ ಅರ್ಜಿಗಾಗಿ ಅವರನ್ನು ಕಚೇರಿಯೊಂದಕ್ಕೆ ಕರೆದೊಯ್ದೆ. ಗುಮಾಸ್ತರು ಹೆಬ್ಬೆಟ್ಟು ಒತ್ತಿಸಿದರು. ಗೆರೆಗಳು ಮೂಡಲಿಲ್ಲ. ಮತ್ತೆ ಒತ್ತಿಸಿದರು, ಮಸಿಯ ಮಚ್ಚೆ ಮಾತ್ರ ಬಿತ್ತು. ಮೂವತ್ತು ವರ್ಷ ಕಲ್ಲು ಹಿಡಿದ ಬೆರಳು ಸವೆದುಹೋಗಿತ್ತು. ಕೊನೆಗೆ ಗುಮಾಸ್ತರು, “ಈ ಗುರುತು ಇವರದೇ ಎಂದು ಬರೆದು ಯಾರಾದರೂ ಸಹಿ ಮಾಡಲಿ” ಎಂದರು. ನಾನು ಹಾಗೆಯೇ ಕನ್ನಡದಲ್ಲಿ ಬರೆದು ಸಹಿ ಹಾಕಿದೆ. ತಂದೆಯವರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅದನ್ನು ಓದಲು ಬಾರದು.

ಮುಂದೆ ಕಾಲೇಜಿನಲ್ಲಿ ಎಷ್ಟೋ ವರ್ಷ ಪಾಠ ಹೇಳಿದೆ, ಲೇಖನಗಳನ್ನು ಬರೆದೆ. ಅವುಗಳಲ್ಲಿ ಒಂದನ್ನೂ ನನ್ನ ತಾಯಿತಂದೆಗಳು ಓದಲಿಲ್ಲ. ಅವರು ನನಗೆ ಕೊಡಿಸಿದ ವಿದ್ಯೆಯೇ ನನ್ನನ್ನು ಅವರಿಂದ ಸ್ವಲ್ಪ ದೂರ ಒಯ್ದಿತೆಂಬುದನ್ನು ಮುಚ್ಚಿಡಲಾರೆ. ಚೆನ್ನಾಗಿ ಓದಿ ದುಡಿದು ಮೇಲೆ ಬಂದರೆ ಹಿರಿಯರ ಋಣ ತೀರಿತೆಂದು ಬಹುಕಾಲ ನಂಬಿದ್ದೆ. ಈಗ ಹಾಗೆನಿಸುವುದಿಲ್ಲ. ನಾನು ಕಲಿತದ್ದರ ಸಾರ್ಥಕತೆ ಆ ದಿನದ ಒಂದು ಸಾಲಿನಲ್ಲಿತ್ತು: ಈ ಗುರುತು ಇವರದೇ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಈಗ ದಿನವೂ ಸಾವಿರಾರು ಜನ ಕೆಲಸಕ್ಕೆ ಹೋಗಿಬರುತ್ತಾರೆ. ಅವರಲ್ಲಿ ಗಣಿಕಾರ್ಮಿಕರ ಮೊಮ್ಮಕ್ಕಳು ಎಷ್ಟೋ ಮಂದಿ. ಅವರಲ್ಲಿ ನನ್ನ ಬಿನ್ನಹ ಇಷ್ಟೆ. ನಿಮ್ಮ ಮನೆಯ ಹಳೆಯ ಪೆಟ್ಟಿಗೆಗಳಲ್ಲಿ ಹೆಬ್ಬೆಟ್ಟಿನ ಗುರುತಿರುವ ಕಾಗದಗಳು ಸಿಕ್ಕರೆ ಎಸೆಯಬೇಡಿ. ಅವು ಯಾರವೆಂದು ಹೇಳುವ ಹಿರಿಯರು ಇನ್ನೂ ಇದ್ದಾರೆ. ಕೇಳಿ ತಿಳಿದು, ಕೆಳಗೆ ಹೆಸರು ಬರೆದಿಡಿ.