ಸಾಂಸ್ಕೃತಿಕ ಬುದ್ಧಿಮತ್ತೆ: ಹೇಳಿದ್ದು ಒಂದು, ಕೇಳಿಸಿದ್ದು ಇನ್ನೊಂದು

ಬೇರೆ ಬೇರೆ ದೇಶಗಳ ಜನ ಒಂದೇ ಭಾಷೆಯಲ್ಲಿ ವ್ಯವಹರಿಸಿದರೂ ಮಾತಿನ ತೂಕ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಅನ್ಯ ಸಂಸ್ಕೃತಿಯವರೊಂದಿಗೆ ಅರಿತು ಕೆಲಸ ಮಾಡುವ ಸಾಮರ್ಥ್ಯವೇ ಸಾಂಸ್ಕೃತಿಕ ಬುದ್ಧಿಮತ್ತೆ. ಅದರ ಕೊರತೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ವಿಮಾನಯಾನ ಕ್ಷೇತ್ರದಲ್ಲೊಂದು ನಿದರ್ಶನವಿದೆ.

ಆವಿಯಾಂಕಾ 52 ದುರಂತ

1990ರ ಜನವರಿ 25. ಕೊಲಂಬಿಯಾದ ಬೊಗೊಟಾದಿಂದ ಮೆಡೆಲಿನ್ ಮಾರ್ಗವಾಗಿ ನ್ಯೂಯಾರ್ಕ್‌ಗೆ ಹೊರಟಿದ್ದ ಬೋಯಿಂಗ್ 707 ವಿಮಾನದಲ್ಲಿ 158 ಮಂದಿ ಇದ್ದರು. ಪ್ರತಿಕೂಲ ಹವಾಮಾನ ಹಾಗೂ ದಟ್ಟಣೆಯ ಕಾರಣ ವಿಮಾನವನ್ನು ಒಟ್ಟು 77 ನಿಮಿಷ ಆಗಸದಲ್ಲೇ ಕಾಯಿಸಲಾಯಿತು. ಸಹ ಪೈಲಟ್ 'ಆದ್ಯತೆ' ನೀಡುವಂತೆ ಕೋರಿದರು. ಇಳಿಯುವ ಮೊದಲ ಯತ್ನ ವಿಫಲವಾದಾಗ, ತುರ್ತು ಪರಿಸ್ಥಿತಿಯೆಂದು ತಿಳಿಸುವಂತೆ ಮುಖ್ಯ ಪೈಲಟ್ ಅವರಿಗೆ ಸೂಚಿಸಿದರು. ಸಹ ಪೈಲಟ್ ಇಂಧನ ಮುಗಿಯುತ್ತಿದೆ ಎಂದಷ್ಟೇ ಹೇಳಿದರು. 'ತುರ್ತು' ಎಂಬ ಪದ ನಿಯಂತ್ರಕರ ಕಿವಿಗೆ ಬೀಳಲೇ ಇಲ್ಲ. ಇಂಧನ ಬರಿದಾಗಿ ವಿಮಾನ ಲಾಂಗ್ ಐಲೆಂಡ್‌ನಲ್ಲಿ ಪತನಗೊಂಡು 73 ಮಂದಿ ಅಸುನೀಗಿದರು.

ಇಂಧನ ನಿರ್ವಹಣೆಯ ಲೋಪ ಹಾಗೂ ತುರ್ತು ಪರಿಸ್ಥಿತಿಯನ್ನು ತಿಳಿಸದಿದ್ದುದೇ ಕಾರಣವೆಂದು ಅಮೆರಿಕದ ತನಿಖಾ ಮಂಡಳಿ 1991ರಲ್ಲಿ ವರದಿ ನೀಡಿತು. ಏಕರೂಪದ ಪದಬಳಕೆ ಇಲ್ಲದಿದ್ದುದನ್ನೂ ಅದು ಎತ್ತಿ ತೋರಿಸಿತು. ಸಿಬ್ಬಂದಿಯ ವರ್ತನೆಯಲ್ಲಿ ರಾಷ್ಟ್ರೀಯ ಸಂಸ್ಕೃತಿಯ ಪಾತ್ರವೂ ಇದ್ದಿರಬಹುದೆಂದು ಮನೋವಿಜ್ಞಾನಿ ರಾಬರ್ಟ್ ಹೆಲ್ಮ್‌ರೀಚ್ 1994ರಲ್ಲಿ ವಿಶ್ಲೇಷಿಸಿದರು.

ಪರಿಕಲ್ಪನೆಯ ಹಿನ್ನೆಲೆ

ಕೆಲವು ಸಮಾಜಗಳಲ್ಲಿ ಅರ್ಥವು ಸಂದರ್ಭದಲ್ಲಿ ಅಡಗಿರುತ್ತದೆ, ಇನ್ನು ಕೆಲವೆಡೆ ಆಡಿದ ಪದದಲ್ಲೇ ಇರುತ್ತದೆ ಎಂದು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ವಿವರಿಸಿದ್ದರು. ಮೇಲಧಿಕಾರಿ ಹಾಗೂ ಕಿರಿಯರ ನಡುವಿನ ಅಂತರವನ್ನು ಆಯಾ ಸಮಾಜ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ನೌಕರರ ಸಮೀಕ್ಷೆಯ ಆಧಾರದಲ್ಲಿ 1980ರಲ್ಲಿ ಮಂಡಿಸಿದರು. 2003ರಲ್ಲಿ ಕ್ರಿಸ್ಟೋಫರ್ ಅರ್ಲಿ ಮತ್ತು ಸೂನ್ ಆಂಗ್ 'ಸಾಂಸ್ಕೃತಿಕ ಬುದ್ಧಿಮತ್ತೆ'ಯ ಕುರಿತು ಗ್ರಂಥ ಹೊರತಂದರು. ನಂತರದ ಸಂಶೋಧನೆಗಳು ಇದರಲ್ಲಿ ನಾಲ್ಕು ಅಂಗಗಳನ್ನು ಗುರುತಿಸಿವೆ:

* ತನ್ನ ಗ್ರಹಿಕೆ ಸರಿಯೇ ಎಂದು ಪರೀಕ್ಷಿಸಿಕೊಳ್ಳುವ ಎಚ್ಚರ
* ಅನ್ಯ ರೀತಿನೀತಿಗಳ ತಿಳಿವಳಿಕೆ
* ಕಲಿಯುವ ಆಸಕ್ತಿ
* ಸಂದರ್ಭಕ್ಕೆ ತಕ್ಕಂತೆ ನಡೆನುಡಿ ಬದಲಿಸಿಕೊಳ್ಳುವ ಶಕ್ತಿ

ನಮ್ಮ ಕಚೇರಿಗಳಲ್ಲಿ

ವಿದೇಶಿ ಗ್ರಾಹಕರೊಂದಿಗೆ ದಿನನಿತ್ಯ ವ್ಯವಹರಿಸುವ ಬೆಂಗಳೂರಿನ ತಂತ್ರಾಂಶ ಉದ್ಯೋಗಿಗಳಿಗೂ ಈ ಪಾಠ ಅನ್ವಯಿಸುತ್ತದೆ. ನಮ್ಮಲ್ಲಿ 'ನೋಡೋಣ' ಎಂದರೆ ಎಷ್ಟೋ ಸಲ ನಯವಾದ ನಿರಾಕರಣೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ನೇರ ಮಾತಿಗೆ ಒಗ್ಗಿದ ಗ್ರಾಹಕ ಅರ್ಧ ಒಪ್ಪಿಗೆಯೆಂದೇ ತಿಳಿಯಬಹುದು. ಕೆಲಸ ಗಡುವಿನೊಳಗೆ ಮುಗಿಯದೆಂದು ಗೊತ್ತಿದ್ದರೂ ಹಿರಿಯರೆದುರು ಹೇಳಲು ಕಿರಿಯರು ಹಿಂಜರಿಯುವುದುಂಟು. ಹಾಗೆಂದು ದೇಶವೊಂದರ ಸರಾಸರಿ ಗುಣವನ್ನು ಎದುರಿಗಿರುವ ವ್ಯಕ್ತಿಗೆ ಅಂಟಿಸುವುದೂ ತಪ್ಪು. ಹಾಫ್‌ಸ್ಟೆಡ್ ಅವರೇ ಈ ಬಗ್ಗೆ ಎಚ್ಚರಿಸಿದ್ದರು.

ಪರಿಹಾರವೇನು?

ವಿಮಾನಯಾನ ಕ್ಷೇತ್ರ ಈ ಹೊರೆಯನ್ನು ವ್ಯಕ್ತಿಯ ಜಾಣ್ಮೆಗೇ ಬಿಡಲಿಲ್ಲ. ಇಂಧನ ಕಡಿಮೆಯಾದಾಗ ಬಳಸಬೇಕಾದ ನಿರ್ದಿಷ್ಟ ಪದಗಳನ್ನು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2012ರಲ್ಲಿ ನಿಯಮಗಳಿಗೆ ಸೇರಿಸಿತು. ಕಚೇರಿಗಳೂ ಇದೇ ದಾರಿ ಹಿಡಿಯಬಹುದು. 'ತುರ್ತು' ಎಂದರೆ ಎಷ್ಟು ಗಂಟೆ, 'ಮುಗಿದಿದೆ' ಎಂದರೆ ಪರೀಕ್ಷೆಯೂ ಆಗಿದೆಯೇ ಎಂಬುದನ್ನು ಕೆಲಸದ ಆರಂಭದಲ್ಲೇ ಇತ್ಯರ್ಥಪಡಿಸಿಕೊಳ್ಳಬೇಕು. 'ಅರ್ಥವಾಯಿತೇ?' ಎಂದು ಕೇಳುವ ಬದಲು, ಅರ್ಥವಾದದ್ದನ್ನು ತಿರುಗಿ ಹೇಳುವಂತೆ ಕೋರುವುದು ಲೇಸು. ಕಹಿ ಸುದ್ದಿ ತಂದ ಕಿರಿಯರನ್ನು ಗದರದಿರುವುದು ಹಿರಿಯರ ಪಾಲಿನ ಹೊಣೆ.