ಸಿಪಾಯಿಯಿಂದ ಅಧಿಕಾರಿ: ಬೆಳಗಾವಿ–ಖಾನಾಪುರ ಸೀಮೆ

ಸಿಪಾಯಿಯಾಗಿ ಸೇರಿದವನು ಕಾಳಗದಲ್ಲಿ ಮುಂದಾಳಾಗಿ ನಿಂತು ಅಧಿಕಾರಿಯಾಗುವುದು ಈ ಸೀಮೆಯಲ್ಲಿ ಬಹುಕಾಲ ಅಪರೂಪವೇ ಆಗಿತ್ತು.

ಕಿತ್ತೂರು ಸಂಸ್ಥಾನದ ಶೇತಸನದಿಗಳು ಸೇವೆಗೆ ಪ್ರತಿಯಾಗಿ ಹೊಲ ಉಣ್ಣುತ್ತಿದ್ದ ಕಾಲಾಳುಗಳು. ಸಂಗೊಳ್ಳಿ ರಾಯಣ್ಣ ಅವರಲ್ಲೊಬ್ಬ. 1824ರಲ್ಲಿ ಕಿತ್ತೂರು ಬಿದ್ದ ಮೇಲೆ, 1829–30ರಲ್ಲಿ, ಖಾನಾಪುರ ಕಡೆಯ ಕಾಡುಗಳನ್ನು ಆಶ್ರಯಿಸಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ದಂಡು ನಡೆಸಿದ. ಬೀಡಿ ಊರಿನ ಸರ್ಕಾರಿ ಕಚೇರಿಯನ್ನು ಸುಟ್ಟ. ಅವನಿಗೆ ಸೇನಾಪತಿ ಪಟ್ಟ ಕಟ್ಟಲು ಗದ್ದುಗೆಯೇ ಉಳಿದಿರಲಿಲ್ಲ. ಬೆನ್ನಿಗೆ ಬಂದವರ ಒಪ್ಪಿಗೆಯೇ ಪಟ್ಟ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಅದೇ ಕಂಪನಿಯ ಬಂಗಾಳ ಸೇನೆಯಲ್ಲಿ ಬಡ್ತಿಗೆ ಹಿರಿತನವೇ ಅಳತೆಯಾಗಿದ್ದಾಗ, ಬೆಳಗಾವಿಯ ದಂಡುಪ್ರದೇಶ ಸೇರಿದ್ದ ಮುಂಬಯಿ ಸೇನೆ ಯೋಗ್ಯತೆಯನ್ನೂ ನೋಡುತ್ತಿತ್ತು. ಆದರೂ ಮೇಲಿನ ಮೆಟ್ಟಿಲು ಸುಬೇದಾರ್ ಮೇಜರ್‌ಗೇ ಮುಗಿಯುತ್ತಿತ್ತು. ತಲೆ ನರೆತ ಸುಬೇದಾರನೂ ನಿನ್ನೆ ಬಂದ ಬ್ರಿಟಿಷ್ ಲೆಫ್ಟಿನೆಂಟನ ಕೈಕೆಳಗೆ. ಪದಕ ಬಂದರೂ ಪದವಿ ಬರಬೇಕೆಂದಿರಲಿಲ್ಲ. 1922ರಿಂದ ಬೆಳಗಾವಿಯಲ್ಲಿ ತರಬೇತಿ ನೆಲೆಯಿರುವ ಮರಾಠಾ ಪದಾತಿದಳದ ನಾಮದೇವ ಜಾಧವ 1945ರಲ್ಲಿ ಇಟಲಿಯಲ್ಲಿ ವಿಕ್ಟೋರಿಯಾ ಕ್ರಾಸ್ ಗೆದ್ದ ಸಿಪಾಯಿ; ಮುಂದೆ ಏರಿದ್ದು ಹವಾಲ್ದಾರ್ ದರ್ಜೆಗೆ.

ಬಾಗಿಲು ನಿಜಕ್ಕೂ ತೆರೆದದ್ದಕ್ಕೆ ಸಾಕ್ಷಿ ನೆರೆಯ ಕಾರವಾರದ ಕಡೆಯವರು. ಚೆಂಡಿಯಾ ಮೂಲದ ರಾಮ ರಾಘೋಬ ರಾಣೆ 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸಾಮಾನ್ಯ ಸೈನಿಕನಾಗಿ ಸೇರಿದರು. ಬರ್ಮಾದಲ್ಲಿ ಹಿಂದೆ ಉಳಿದು ಸ್ಫೋಟದ ಕೆಲಸ ಮುಗಿಸಿದ ಅವರ ತುಕಡಿಯನ್ನು ಕರೆದೊಯ್ಯಬೇಕಿದ್ದ ಹಡಗು ಬರಲಿಲ್ಲ. ಜಪಾನೀಯರು ಕಾವಲಿದ್ದ ನದಿ ದಾಟಿಸಿ ಅವರೇ ತಮ್ಮವರನ್ನು ಡಿವಿಷನ್‌ಗೆ ಸೇರಿಸಿದರು. ಕೂಡಲೇ ಹವಾಲ್ದಾರ್ ಬಡ್ತಿ ಬಂತು. 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್ ಕಮಿಷನ್. ನಾಲ್ಕೇ ತಿಂಗಳಲ್ಲಿ, 1948ರ ಏಪ್ರಿಲ್ 8ರಿಂದ 11ರವರೆಗೆ, ನೌಶೇರಾ–ರಾಜೌರಿ ದಾರಿಯಲ್ಲಿ ಗಾಯಗೊಂಡೂ ನೆಲಬಾಂಬು, ತಡೆಗಳನ್ನು ತೆರವು ಮಾಡಿ ಟ್ಯಾಂಕುಗಳಿಗೆ ಹಾದಿ ಬಿಡಿಸಿದ್ದಕ್ಕೆ ಪರಮವೀರ ಚಕ್ರ ಸಂದಿತು. ಅವರು ಮೇಜರ್ ಆಗಿ ನಿವೃತ್ತರಾದರು.

ಬೆಳಗಾವಿಯಲ್ಲಿ 1945ರಲ್ಲಿ ಆರಂಭವಾದ, ಈಗ ರಾಷ್ಟ್ರೀಯ ಮಿಲಿಟರಿ ಶಾಲೆ ಎನಿಸಿದ ಸಂಸ್ಥೆ ಸಿಪಾಯಿಗಳ ಮಕ್ಕಳನ್ನು ಗುರಿಯಾಗಿಟ್ಟುಕೊಂಡಿತ್ತು. ತಂದೆಗೆ ಎಟುಕದ ಕಮಿಷನ್ ಮಗನಿಗೆ ಎಟುಕಬಹುದಾಗಿತ್ತು. ಇಂದು ಸೈನಿಕ ಅಧಿಕಾರಿಯಾಗಲು ಮುಖ್ಯ ದಾರಿ ಪರೀಕ್ಷೆ, ಸಂದರ್ಶನ ಮತ್ತು ಡೆಹ್ರಾಡೂನ್‌ನ ಆರ್ಮಿ ಕೆಡೆಟ್ ಕಾಲೇಜು. ಆಗಸ್ಟ್ 15 ಮತ್ತು ಜನವರಿ 26ರಂದು ಪ್ರಕಟವಾಗುವ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳು ಹೆಚ್ಚಾಗಿ ನಿವೃತ್ತಿಯ ಅಂಚಿನ ಸುಬೇದಾರರ ಪಾಲಿಗೆ ಬರುತ್ತವೆ.